ಕೆಳಗೆ ಉಳಿದವಳು

"ಶ್ರೀಗೌರಿ ಅಂದ್ರೆ ಯಾರು?"

"ನಾನೇ."

ಅವನು ತಲೆಯೆತ್ತಿ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಪಟ್ಟಿಯಲ್ಲಿದ್ದ ಅವಳ ಹೆಸರಿನ ಮೇಲೆ ಗೆರೆ ಎಳೆದುಬಿಟ್ಟ.

"ನೀವು ಹತ್ತೋದು ಬೇಡ. ಕೆಳಗೆ ಒಬ್ಬರು ಇರಬೇಕು, ನೀವಿರಿ."

ಸಾಗರದ ಆ ಹೋಟೆಲಿನ ಮಹಡಿಯಲ್ಲಿ ಎಲ್ಲರ ದೋಸೆಯೂ ಅರ್ಧಕ್ಕೆ ನಿಂತಿತು. ಡಿಸೆಂಬರಿನಲ್ಲಿ ಕೊಡಚಾದ್ರಿ ಹತ್ತಬೇಕೆಂದು ತನ್ನನ್ನೂ ಸೇರಿಸಿ ಏಳು ಜನರನ್ನು ಒಟ್ಟು ಮಾಡಿದವಳೇ ಶ್ರೀಗೌರಿ. ಹೊಸನಗರದ ಶಾಲೆಯಲ್ಲಿ ಗಣಿತ ಹೇಳಿಕೊಡುವ ಟೀಚರ್. ಜೀಪು, ಊಟದ ಪೊಟ್ಟಣ, ಅರಣ್ಯ ಇಲಾಖೆಯ ಅನುಮತಿ, ಎಲ್ಲ ಅವಳದೇ ಓಡಾಟ. ದಾರಿ ಗೊತ್ತಿರುವವರು ಬೇಕೆಂದು ತೀರ್ಥಹಳ್ಳಿಯ ಸರ್ವೆಯರ್ ಚಿರಂತನನನ್ನು ಕರೆಸಿದ್ದೂ ಅವಳೇ. ಕರೆಸಿಕೊಂಡವನು ಬಂದ ಕೂಡಲೇ ಮಾಡಿದ ಉಪಕಾರ ಇದು.

'ಮೆಟ್ಟಿಲು ಹತ್ತಿ ಬಂದು ಇನ್‌ಹೇಲರ್ ಎಳೆದದ್ದನ್ನು ನೋಡಿದನಲ್ಲ... ಅದಕ್ಕೇ. ನಾನು ಇವನಿಗೊಂದು ಹೊರೆ.'

ಜಗಳವಾಡಬಹುದಿತ್ತು. ಆದರೆ ದನಿ ಏರಿಸಿದರೆ ಅವಳಿಗೆ ಉಸಿರು ಕಟ್ಟುತ್ತದೆ. ದೋಸೆಯ ತುಂಡೊಂದನ್ನು ಮುರಿದು ಚಟ್ನಿಗೆ ಅದ್ದಿದಳು.

ಆಮೇಲಿನ ಮೂರು ಭಾನುವಾರವೂ ಅವನು ತಯಾರಿಯ ನೆಪದಲ್ಲಿ ಬಂದ. ಪ್ರತಿಸಲವೂ ಅವಳ ಪಕ್ಕದಲ್ಲೇ ಕೂತ. ತಯಾರಿಯ ಪಟ್ಟಿಯಲ್ಲಿ ಅವಳು ಬರೆದ ಒಂದೊಂದು ಸಾಲನ್ನೂ ಓದಿ, "ಇಷ್ಟು ಅಚ್ಚುಕಟ್ಟಾಗಿ ನಂಗೆ ಬರಲ್ಲ" ಎಂದ. ಸಿಟ್ಟು ಕರಗುತ್ತಾ ಬಂದು, ಅದರ ಜಾಗದಲ್ಲಿ ಇನ್ನೇನೋ ಕೂತಿತು. ಇಷ್ಟವಾಗಿಬಿಟ್ಟಿದ್ದ. ತನ್ನನ್ನು ಬೇಡವೆಂದವನೇ ಬೇಕೆನಿಸಿದರೆ ಯಾರಿಗೆ ಹೇಳಿಕೊಳ್ಳುವುದು?

ಹೊರಟ ದಿನ ಬೆಟ್ಟದ ಬುಡದಲ್ಲಿ, ಬೆಳ್ಳಮ್ಮನ ಚಹಾದಂಗಡಿಯ ಬೆಂಚಿನ ಮೇಲೆ ಅವನು ಅವಳ ಕೈಗೆ ಪಟ್ಟಿ ಕೊಟ್ಟ.

"ಏಳು ಜನ ಹೋಗ್ತಿದೀವಿ. ನಾಲ್ಕೂವರೆಗೆ ಇಳೀತೀವಿ. ಐದೂವರೆ ಆದ್ರೂ ಬರ್ಲಿಲ್ಲ ಅಂದ್ರೆ ಗೇಟಿನ ಗಾರ್ಡಿಗೆ ಹೇಳಿ."

ನಾಲ್ಕೂವರೆ ಆಯಿತು. ಐದಾಯಿತು. ಮಂಜು ಇಳಿದು ದಾರಿಯೇ ಅಳಿಸಿಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ಐದೂವರೆಗೆ ಸರಿಯಾಗಿ ಅವಳು ಗಾರ್ಡಿನ ಮುಂದೆ ನಿಂತಳು. ಅವನು ಟಾರ್ಚು ಹಿಡಿದು ಹೊರಟ. ಹಿಂದೆಯೇ ಹೋಗೋಣವೆಂದರೆ ನೂರು ಹೆಜ್ಜೆಗೇ ಎದೆ ಸೀಟಿ ಹಾಕಿತು.

"ಕೂತ್ಕಳಮ್ಮ, ನೀ ಬಿದ್ರೆ ನಿನ್ನ ಹೊರೋರು ಯಾರು?" ಎಂದಳು ಬೆಳ್ಳಮ್ಮ.

ಹೌದು, ಕೂರುವುದಷ್ಟೇ ಅವಳ ಕೈಯಲ್ಲಿತ್ತು.

ಆರಕ್ಕೆ ಮಂಜಿನಿಂದ ಒಬ್ಬೊಬ್ಬರೇ ಇಳಿದರು. ಅವಳು ಹೆಸರಿನ ಮುಂದೆ ಗುರುತು ಹಾಕುತ್ತಾ ಹೋದಳು. ಐದು.

"ಇನ್ನಿಬ್ಬರು?"

"ಅಶ್ವಿನ್ ಕಾಲು ಉಳುಕಿದೆ ಮಾರಾಯ್ತಿ. ಚಿರಂತನ್ ಅವನ ಜೊತೆ ಹಿಂದೆ ಉಳಿದ್ರು. ನಮ್ಮನ್ನ ಮುಂದೆ ಕಳಿಸಿದ್ರು," ಎಂದಳು ಗೆಳತಿ ಯಶಸ್ವಿನಿ.

'ದೇವರೇ, ಅವನು ನನ್ನ ಹೆಸರು ಹೊಡೆದುಹಾಕಲಿ... ಸಾವಿರ ಸಲ ಹೊಡೆಯಲಿ. ಇಳಿದು ಬಂದರೆ ಸಾಕು.'

ಅರ್ಧ ಗಂಟೆ ಕಳೆದ ಮೇಲೆ ಟಾರ್ಚಿನ ಬೆಳಕು ಕಂಡಿತು. ಗಾರ್ಡ್ ಒಂದು ಕಡೆ, ಚಿರಂತನ ಇನ್ನೊಂದು ಕಡೆ ಹೆಗಲು ಕೊಟ್ಟಿದ್ದರು. ನಡುವೆ ಅಶ್ವಿನ್ ಕುಂಟುತ್ತಿದ್ದ.

ಅವಳಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟಳು.

"ಗಾರ್ಡಿಗೆ ಐದೂವರೆಗೇ ಹೇಳಿದ್ರಂತೆ. ಒಂದು ನಿಮಿಷ ಆಚೀಚೆ ಆಗಿಲ್ಲ," ಚಿರಂತನ ಮೆಲ್ಲಗೆ ಹೇಳಿದ. "ನೀವು ಕೆಳಗಿದ್ದೀರಿ ಅಂತಾನೇ ನಂಗೆ ಅಲ್ಲಿ ಧೈರ್ಯ ಇತ್ತು."

"ನಾನು ಹೊರೆ ಅಂತ ತಾನೇ ಬಿಟ್ಟು ಹೋಗಿದ್ದು?"

"ಹೊರೆನಾ? ಅವತ್ತು ಮೆಟ್ಟಿಲ ಮೇಲೆ ನಿಮಗೆ ಉಸಿರು ಕಟ್ಟಿದ್ದು ನೋಡಿ ನಂಗೆ ಕೈಕಾಲೇ ಆಡ್ಲಿಲ್ಲ. ಬೆಟ್ಟದ ಮೇಲೆ ಹಾಗಾದ್ರೆ ಏನ್ ಮಾಡ್ಲಿ ಅಂತ..." ಅವನು ತಲೆ ತಗ್ಗಿಸಿದ. "ಶ್ರೀಗೌರಿ ಅಂದ್ರೆ ನೀವೇ ಅಂತ ಕೂಡ ಗೊತ್ತಿರ್ಲಿಲ್ಲ. ಆಗ್ಲೇ ಅಷ್ಟು ಹೆದರಿದ್ದೆ. ಈಗ ಕೇಳೋದೇ ಬೇಡ."

"ನನ್ನ ಒಂದು ಮಾತು ಕೇಳ್ಬೇಕಿತ್ತು."

"ತಪ್ಪಾಯ್ತು. ಈಗ ಕೇಳ್ತೀನಿ. ಫೆಬ್ರವರಿಯಲ್ಲಿ ನನ್ನ ಜೊತೆ ಹತ್ತುತೀರಾ?"

"ನಾನು ಹತ್ತು ಹೆಜ್ಜೆಗೊಮ್ಮೆ ನಿಲ್ತೀನಿ."

"ನಿಂತಲ್ಲೆಲ್ಲ ನಾನೂ ನಿಲ್ತೀನಿ."

"ಕೆಳಗೆ ಯಾರು ಕಾಯೋದು?"

"ನಾನೇ ಕಾಯ್ತೀನಿ ಮಾರಾಯ್ರೆ," ಬೆಂಚಿನ ಮೇಲೆ ಕಾಲು ಚಾಚಿದ್ದ ಅಶ್ವಿನ್ ನರಳಿದ. "ಇನ್ನು ನಾನಂತೂ ಬೆಟ್ಟ ಹತ್ತಲ್ಲ."

ಅವಳು ಕಣ್ಣೊರೆಸಿಕೊಂಡು ಅಶ್ವಿನ್ ಹೆಸರಿನ ಮುಂದೆ ಗುರುತು ಹಾಕಿದಳು. ಚಿರಂತನನ ಹೆಸರಿಗೆ ಬಂದಾಗ ಪೆನ್ನು ನಿಂತಿತು.

"ನಂದು ಹಾಕಲ್ವಾ? ಬಂದಿದೀನಲ್ಲ."

"ಇರಿ," ಅವನ ತಣ್ಣಗಿನ ಕೈ ಹಿಡಿದು ಅವಳು ಹೇಳಿದಳು. "ಇನ್ನೊಂದು ಸಲ ನೋಡ್ಕೊಂಡು ಹಾಕ್ತೀನಿ."