ಎಣ್ಣೆ ಔಷಧಿಯಲ್ಲ ಅಂದವಳು

"ನಮ್ಮಪ್ಪನ್ನ ಕೊಲ್ತಿದ್ದೀಯಾ!"

ಕಿರುಚಿದವಳೇ ಕೈಗೆ ಸಿಕ್ಕ ಸ್ಟೀಲ್ ಟ್ರೇ ಬೀಸಿದಳು. ಹಲ್ಲಿನ ಡಾಕ್ಟರ ಹುಬ್ಬು ಸೀಳಿತು. ಇಕ್ಕಳ, ಕನ್ನಡಿ, ಹತ್ತಿಯುಂಡೆ ಎಲ್ಲ ನೆಲದ ಪಾಲಾದವು.

ಬೆಳಿಗ್ಗೆ ಕಿತ್ತ ದವಡೆ ಹಲ್ಲು. ಮಧ್ಯಾಹ್ನವಾದರೂ ಅಪ್ಪನ ಬಾಯಿಂದ ರಕ್ತ ನಿಂತಿರಲಿಲ್ಲ. ಕುರ್ಚಿಗೆ ಒರಗಿದ್ದ ಅವರ ಅಂಗಿಯ ಎದೆಯೆಲ್ಲ ಕೆಂಪು, ಮುಖ ಮಾತ್ರ ಬಿಳಿ.

ಡಾಕ್ಟರ್ ತಿರುಗಿ ಬೈಯಲಿಲ್ಲ. ತನ್ನ ರಕ್ತ ಕಣ್ಣಿಗಿಳಿಯುತ್ತಿದ್ದರೂ ಅಪ್ಪನ ಒಸಡನ್ನು ಒತ್ತಿ ಹಿಡಿದ ಬೆರಳು ಸಡಿಲಿಸಲಿಲ್ಲ.

'ಎಂಥ ಮನುಷ್ಯನಪ್ಪ ಇವನು...!' ಅವಳ ಕೋಪವೇ ತಬ್ಬಿಬ್ಬಾಯಿತು.

"ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ... ಬೇರೆ ಔಷಧಿ ಏನಿದೆ? ನೆನಪು ಮಾಡ್ಕೊಳ್ಳಿ!"

"ಏನೂ ಇಲ್ಲ ಅಂತ ಬೆಳಿಗ್ಗೆನೇ ಹೇಳಿದೆನಲ್ಲ!"

ಅಷ್ಟರಲ್ಲಿ ಗಾಜಿನ ಬಾಗಿಲು ಪುಡಿಪುಡಿಯಾಯಿತು. ಅವಳ ಅಣ್ಣ! ಕೈಯಲ್ಲಿ ಕಬ್ಬಿಣದ ಸಲಾಕೆ. ಮಾತಿಲ್ಲ ಕತೆಯಿಲ್ಲ, ಬಂದವನೇ ಡಾಕ್ಟರ ಬೆನ್ನಿಗೆ ಬಾರಿಸಿದ. ಆ ಪೆಟ್ಟಿಗೆ ಡಾಕ್ಟರ್ ಅಪ್ಪನ ಮೇಲೆ ಕುಸಿದ. ಆಗಲೂ ಬೆರಳು ತೆಗೆಯಲಿಲ್ಲ.

"ಇವರ ಉಸಿರಲ್ಲಿ... ಬೆಳ್ಳುಳ್ಳಿ ವಾಸನೆ..." ಅವನು ಏದುಸಿರಿನಲ್ಲಿ ಹೇಳಿದ.

"ಅದು ಬೆಳ್ಳುಳ್ಳಿ ಎಣ್ಣೆ! ದಿನಾ ಎರಡು ಚಮಚ ಕುಡಿಸ್ತೀನಿ. ಸಕ್ಕರೆಗೆ ಒಳ್ಳೇದು ಅಂತ... ಎಣ್ಣೆ ಔಷಧಿ ಹೇಗಾಗುತ್ತೆ?"

ಗಾಣದ ಮನೆಯ ಮಗಳು. ಹುಟ್ಟಿದಾಗಿನಿಂದ ಎಣ್ಣೆ ಅಳೆದು ಮಾರಿದವಳಿಗೆ ಎಣ್ಣೆ ಎಂದರೆ ಎಣ್ಣೆ, ಅಷ್ಟೇ.

"ಸಕ್ಕರೆ ಕಾಯಿಲೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತೆ ಅಂತಾನೇ ಆ ಮಾತ್ರೆ ಕೊಟ್ಟಿರೋದು. ಬೆಳ್ಳುಳ್ಳಿ ಎಣ್ಣೆಯೂ ಹೆಪ್ಪುಗಟ್ಟೋಕೆ ಬಿಡಲ್ಲ. ಎರಡೂ ಸೇರಿದ್ರೆ..."

ಅವಳು ಅಪ್ಪನ ಕೆಂಪಾದ ಅಂಗಿ ನೋಡಿದಳು. 'ಅಪ್ಪನ ಈ ಗತಿಗೆ ನಾನೇ ಕಾರಣ!'

ಸಲಾಕೆ ಮತ್ತೆ ಮೇಲೆದ್ದಿತು. ಅವಳು ಅಡ್ಡ ನುಗ್ಗಿದಳು.

"ತಪ್ಪು ನನ್ನದು ಅಣ್ಣಾ! ಹೊಡೆಯೋದಾದ್ರೆ ನನ್ನ ಹೊಡಿ!"

ಬೀಸಿದ ಕೈ ನಿಲ್ಲಲಿಲ್ಲ. ಅವಳ ಮುಂಗೈ ಮೂಳೆ ಲಟಕ್ಕೆಂದಿತು. ಆ ಸದ್ದಿಗೆ ಅಣ್ಣ ಸಲಾಕೆ ಬಿಸಾಡಿ, ತಲೆ ಹಿಡಿದು ಕೂತುಬಿಟ್ಟ.

ಡಾಕ್ಟರ್ ಹಲ್ಲಿನ ಕುಳಿಗೆ ರಕ್ತ ನಿಲ್ಲಿಸುವ ಔಷಧಿ ತುಂಬಿ ಒಸಡಿಗೆ ಹೊಲಿಗೆ ಹಾಕಿದ. ಬಿಗಿಯಾಗಿ ಒತ್ತಿ ಕೂತ. ಸಂಜೆಯ ಹೊತ್ತಿಗೆ ಹತ್ತಿ ಬೆಳ್ಳಗೇ ಉಳಿಯಿತು. ಅಪ್ಪ ಕಣ್ಣು ಬಿಟ್ಟರು.

ಹೊಲಿಗೆ ಬಿಚ್ಚಿಸಲು ಮತ್ತೆ ಬಂದಾಗ ಅವಳ ಕೈಗೆ ಪಟ್ಟಿ, ಅವನ ಹುಬ್ಬಿನ ಮೇಲೆ ಗಾಯದ ಗೆರೆ. ಹೊಸ ಬಾಗಿಲಿಗೆ ಅಣ್ಣನೇ ನಿಂತು ಗಾಜು ಹಾಕಿಸುತ್ತಿದ್ದ.

"ಈ ಸಲ ಏನೂ ಹೇಳದೆ ಬಿಟ್ಟಿಲ್ಲ ತಾನೇ?" ಡಾಕ್ಟರ್ ಅವಳನ್ನು ಕೇಳಿದ.

"ಒಂದು ಬಿಟ್ಟಿದ್ದೀನಿ..." ಅವಳು ಕುರ್ಚಿಯ ಹತ್ತಿರ ಬಂದಳು. "ಔಷಧಿ ಅಲ್ವಲ್ಲ ಅಂತ ಹೇಳಿರಲಿಲ್ಲ. ನೀವಂದ್ರೆ ನನಗೆ ಪ್ರಾಣ..."

ಬಾಯಿ ತೆರೆದು ಕೂತಿದ್ದ ಅಪ್ಪ ಕೆಮ್ಮಿದರು. ಅವನ ಕೈಯ ಇಕ್ಕಳ ಗಾಳಿಯಲ್ಲೇ ನಿಂತಿತು.

"ದಿನಕ್ಕೆ ಎಷ್ಟು ಚಮಚ?"

"ಅಳತೆ ಇಟ್ಟಿಲ್ಲ ಡಾಕ್ಟ್ರೇ..."

"ಹಾಗಾದ್ರೆ ಇದನ್ನ ಮಾತ್ರ ನಿಲ್ಲಿಸ್ಬೇಡ."