ಅವನ ಹುದ್ದೆಗೆ ಅವಳು ಬರೆದ ಜಾಹೀರಾತು

"ಇದನ್ನ ಬರೆದಿದ್ದು ಯಾರು?"

ಬಾಗಿಲು ತಟ್ಟುವ ವ್ಯವಧಾನವೂ ಇಲ್ಲದೆ ಒಳಗೆ ಬಂದವನ ಕೈಯಲ್ಲಿ ಆ ವಾರದ ವಾರ್ತಾಪತ್ರ ಸುರುಳಿಯಾಗಿತ್ತು.

ಅವಳು ಎದ್ದು ನಿಂತಳು. "ನಾನೇ. ಯಾಕೆ ಸರ್?"

"ಕೊಡೆ ಕಾರ್ಖಾನೆ ಮತ್ತೆ ಶುರುವಾಯ್ತು ಅಂತ ನಿಮಗೆ ಯಾರು ಹೇಳಿದ್ರು?"

"ಮಾತುಕತೆ ಮುಗೀತು ಅಂತ ನಿಮ್ಮ ಕಡೆಯವರೇ..."

"ಮಾತುಕತೆ ಮುಗಿದಿದೆ. ಸಹಿ ಆಗಿಲ್ಲ. ಗೇಟಿನ ಮುಂದೆ ಜನ ಬಂದು ನಿಂತಿದಾರೆ ಮೇಡಂ, ಊಟದ ಡಬ್ಬಿ ಸಮೇತ. ಅವರಿಗೆ ನಾನೇನು ಹೇಳಲಿ?"

ಅವಳು ಆ ಕೆಲಸಕ್ಕೆ ಹೊಸಬಳು. ಪ್ರಾದೇಶಿಕ ಅಭಿವೃದ್ಧಿ ಕಚೇರಿ ವಾರಕ್ಕೊಮ್ಮೆ ಹೊರಡಿಸುವ ಪತ್ರ ಅದು. ಎಲ್ಲಿ ಯಾವ ಉದ್ಯಮ ಬಂತು, ಯಾವ ಯೋಜನೆಗೆ ಅನುದಾನವಿದೆ, ಯಾವ ಹುದ್ದೆ ಖಾಲಿಯಿದೆ ಎಂದು ಅಭಿವೃದ್ಧಿ ಅಧಿಕಾರಿಗಳಿಗೆ ತಿಳಿಸುವುದು ಅದರ ಕೆಲಸ. ಅಧಿಕಾರಿಗಳಷ್ಟೇ ಓದುತ್ತಾರೆ ಎಂದುಕೊಂಡಿದ್ದಳು. ಕೆಲಸ ಕಳೆದುಕೊಂಡವರು ಅದನ್ನು ಚಹಾದಂಗಡಿಯ ಗೋಡೆಗೆ ಅಂಟಿಸಿಕೊಂಡು ಓದುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎದುರಿಗಿದ್ದವನು ತಾತ್ಕಾಲಿಕ ಅಭಿವೃದ್ಧಿ ಅಧಿಕಾರಿ. ಮುಚ್ಚಿದ ಕೊಡೆ ಕಾರ್ಖಾನೆಯನ್ನು ಸಣ್ಣ ಸಣ್ಣ ಉದ್ಯಮಗಳಿಗೆ ಬಾಡಿಗೆ ಕೊಡಿಸಬೇಕೆಂದು ಮಾಲೀಕರ ಹಿಂದೆ ಬಿದ್ದು, ಊರವರ ಬಾಯಲ್ಲಿ 'ಕೊಡೆ ಸಾಹೇಬ' ಆಗಿದ್ದವನು.

"ನೀವೇನೂ ಹೇಳಬೇಡಿ. ನಡೀರಿ, ನಾನೇ ಹೇಳ್ತೀನಿ," ಎಂದಳು.

ಗೇಟಿನ ಬಳಿ ಮುರುಕು ಪೆಟ್ಟಿಗೆಯೊಂದರ ಮೇಲೆ ಅವಳು ಹತ್ತಿ ನಿಂತಳು. ಎದುರಿಗೆ ಅವಳನ್ನು ಸಾಕಿದ ಅತ್ತೆಯ ಹಳೆಯ ಗೆಳತಿಯರೂ ಇದ್ದರು. ಅತ್ತೆಯ ಜೊತೆ ಕೂತು ಕೊಡೆಯ ಬಟ್ಟೆ ಹೊಲಿದವರು ಅವರು.

"ತಪ್ಪು ನನ್ನದು. ಕಾರ್ಖಾನೆ ತೆರೆದಿಲ್ಲ. ತೆರೆದರೂ ಎಲ್ಲರಿಗೂ ಕೆಲಸ ಸಿಗಲ್ಲ. ಇವತ್ತು ಮನೆಗೆ ಹೋಗಿ."

"ಪರವಾಗಿಲ್ಲ ಬಿಡಮ್ಮ," ಎಂದಿತು ಹಿಂದಿನಿಂದ ಒಂದು ದನಿ. "ನಿನ್ನ ಪೇಪರ್ ಹಾಸ್ಕೊಂಡು ಊಟಕ್ಕಾದ್ರೂ ಕೂರಬಹುದು."

ಜನ ನಕ್ಕರು. ಅವಳಿಗೆ ಅಳು ಬಂತು. ಆದರೂ ಕೊನೆಯವರು ಹೊರಡುವ ತನಕ ಪೆಟ್ಟಿಗೆಯಿಂದ ಇಳಿಯಲಿಲ್ಲ. ಇಳಿಯುವಾಗ ಕೈಹಿಡಿಯಲು ಹಿಂದೆಯೇ ನಿಂತಿದ್ದವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಆಮೇಲೆ ಪ್ರತಿ ವಾರ ಅವನೇ ಸುದ್ದಿ ತರತೊಡಗಿದ.

"ಸಹಿ ಆಗಿದೆಯಾ?" ಎನ್ನುವುದೇ ಅವಳ ಮೊದಲ ಮಾತು.

"ಮನೆಗೆ ಬಂದವರನ್ನ ಚಹಾ ಬೇಕಾ ಅಂತ ಕೇಳ್ತಾರೆ. ನೀವು..."

"ಚಹಾ ಆಮೇಲೆ. ಸಹಿ ಆಗಿದೆಯಾ?"

ಕೊನೆಗೂ ಕಾರ್ಖಾನೆಯ ಒಂದು ಶೆಡ್ಡಿನ ಬಾಡಿಗೆ ಕರಾರಿಗೆ ಸಹಿ ಬಿತ್ತು. ಚೀಲ ಹೊಲಿಯುವ ಘಟಕವೊಂದು ಬಂತು. ಅಂದು ಅವಳು ಸುದ್ದಿ ಬರೆಯುತ್ತಿದ್ದರೆ ಅವನು ಎದುರಿಗೆ ಕೂತು ನೋಡುತ್ತಲೇ ಇದ್ದ. ಚಹಾ ಇಬ್ಬರಿಗೂ ಆರಿ ಹೋಯಿತು.

ಆದರೆ ಅವನ ಕೆಲಸದ ಅವಧಿ ಮುಗಿಯುತ್ತ ಬಂದಿತ್ತು. ಅವಳಿಗೆ ದಿಗಿಲು. ಪಾಪ, ಕೆಲಸವಿಲ್ಲದೆ ಕೂರಬಾರದಲ್ಲ... ಬಂದರು ನಗರದಲ್ಲೋ ಗಡಿಯಾಚೆಯೋ ಒಳ್ಳೆಯ ಹುದ್ದೆಯ ಪ್ರಕಟಣೆ ಕಂಡರೆ ಅದರಡಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅವನ ಮುಂದೆ ಇಡುತ್ತಿದ್ದಳು. ಇಡುವಾಗ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. 'ಬೇಡ ಅನ್ನು... ಒಂದು ಸಲ ಬೇಡ ಅನ್ನು.'

ಅವನು ಬೇಡ ಎನ್ನಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡ. ಬರಬರುತ್ತ ಮಾತು ಕಡಿಮೆಯಾಯಿತು, ಆಮೇಲೆ ಬರುವುದೂ ನಿಂತಿತು.

ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮನೆಯ ಮೇಜನ್ನು ಕಿಟಕಿಯ ಬಳಿಗೆ ಎಳೆದಳು. ಮತ್ತೆ ಗೋಡೆಯ ಬಳಿಗೆ ಎಳೆದಳು.

"ಮೇಜಿಗೆ ಕಾಲು ನೋಯುತ್ತೆ ಕಣೇ," ಎಂದರು ಅತ್ತೆ. "ಹೋಗಿ ಅವನನ್ನೇ ಕೇಳಬಾರದಾ?"

"ಯಾರನ್ನ?"

"ಮೇಜನ್ನ."

ಮರುದಿನವೇ ಮೇಲಧಿಕಾರಿ ಮೇಡಂ ಕಳಿಸಿದ ಎರಡು ಸಾಲಿನ ಚೀಟಿ ಅವಳ ಕೈಗೆ ಬಂತು. ಅಭಿವೃದ್ಧಿ ಅಧಿಕಾರಿ ಬೇಕಾಗಿದ್ದಾರೆ. ಅವನದೇ ಹುದ್ದೆ.

ಹಾಗಾದರೆ ಹೊರಟೇಬಿಟ್ಟ! ಒಂದು ಮಾತೂ ಹೇಳದೆ...

ಅವನ ಜಾಗಕ್ಕೆ ಯಾರೋ ಬರುತ್ತಾರೆ. ಬರುವವರಿಗೆ ಆ ಜಾಗದ ಬೆಲೆ ಗೊತ್ತಿರಬೇಡವೇ? ಎರಡು ಸಾಲು ಅವಳಿಗೆ ಸಾಲಲಿಲ್ಲ. ಅವನಿಗೆ ಹೇಳಲಾಗದ್ದೆಲ್ಲ ಜಾಹೀರಾತಿನೊಳಗೆ ಇಳಿಯಿತು.

'ಈ ಹುದ್ದೆಗೆ ಬರುವವರಿಗೆ ತೆರೆಯದ ಬಾಗಿಲ ಮುಂದೆ ನಿಲ್ಲುವ ತಾಳ್ಮೆ ಬೇಕು. ಆರಿದ ಚಹಾ ಕುಡಿಯುವ ಅಭ್ಯಾಸ ಬೇಕು. ಜನ ಬೈದರೆ ಅದು ಸಲಿಗೆ ಎಂದು ತಿಳಿಯಬೇಕು. ಕೊಡೆ ಕಾರ್ಖಾನೆಯ ಒಂದು ಶೆಡ್ಡಿನಲ್ಲಿ ದೀಪ ಹತ್ತಿದೆ, ಉಳಿದವು ಕಾಯುತ್ತಿವೆ. ಇದಕ್ಕಿಂತ ಒಳ್ಳೆಯ ಕೆಲಸ ಈ ಪ್ರದೇಶದಲ್ಲಿಲ್ಲ.'

ಸುತ್ತ ಚೌಕಟ್ಟು ಹಾಕಿ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದಳು.

ಪತ್ರ ಹೊರಬಿದ್ದ ವಾರದಲ್ಲಿ ಮೇಡಂ ಕರೆಸಿದರು. ಮೇಜಿನ ಮೇಲೆ ಅರ್ಜಿಗಳ ರಾಶಿ.

"ಏನಮ್ಮಾ ಇದು? ಓದಿ ನನಗೇ ಅರ್ಜಿ ಹಾಕೋಣ ಅನ್ನಿಸ್ತು."

"ಒಳ್ಳೆಯವರು ಬರಲಿ ಅಂತ..."

"ಯಾರೂ ಬರೋದು ಬೇಕಿರಲಿಲ್ಲ. ತಾತ್ಕಾಲಿಕ ಅಧಿಕಾರಿಯನ್ನ ಕಾಯಂ ಮಾಡಬೇಕಾದ್ರೂ ಜಾಹೀರಾತು ಕೊಡಲೇಬೇಕು ಅಂತ ನಿಯಮ. ಅದಕ್ಕೇ ಎಲ್ಲೋ ಮೂಲೇಲಿ, ಓದಿದ್ರೆ ನಿದ್ದೆ ಬರೋ ಹಾಗೆ ಹಾಕ್ತೀವಿ. ನಿನಗೆ ಹೇಳೋದು ನನಗೆ ಹೊಳೀಲಿಲ್ಲ."

"ಅಂದ್ರೆ... ಅವರು ಹೋಗ್ತಿಲ್ವಾ?"

"ಹೋಗೋದಾ? ಕಾಯಂ ಮಾಡಿ ಅಂತ ನನ್ನ ಬಾಗಿಲು ಸವೆಸಿದವನೇ ಅವನು. ಈಗ ಇಷ್ಟು ಜನರ ಜೊತೆ ಸಂದರ್ಶನಕ್ಕೆ ಕೂರಬೇಕು. ವಾಪಸ್ ತೊಗೊಳೋಕಾಗಲ್ಲ."

ಅವಳು ಕಾರ್ಖಾನೆಗೆ ಓಡಿದಳು. ಅವನು ಖಾಲಿ ಶೆಡ್ಡಿನಲ್ಲಿ ಕಿಟಕಿಯ ಅಳತೆ ಹಿಡಿಯುತ್ತಿದ್ದ. ಅವಳನ್ನು ಕಂಡವನು ಟೇಪು ಸುತ್ತಿಟ್ಟ.

"ನನ್ನನ್ನ ಕಳಿಸೋಕೆ ಇಷ್ಟು ಆತುರ ಇತ್ತು ಅಂತ ಗೊತ್ತಿರಲಿಲ್ಲ ಮೇಡಂ."

"ನಾನು ಯಾಕೆ ಕಳಿಸಲಿ?"

"ಪ್ರತಿ ವಾರ ಕೆಂಪು ಗೆರೆ ಎಳೆದು ಕೊಟ್ಟಿದ್ದು ಯಾರು? ಬಂದರು ನಗರ, ಗಡಿಯಾಚೆ... ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಚಂದ್ರಲೋಕದ ಹುದ್ದೇನೂ ಹುಡುಕ್ತಿದ್ರಿ."

"ನಿಮಗೆ ಕೆಲಸ ಇರಲಿ ಅಂತ! ಹೋಗಲಿ ಅಂತಲ್ಲ." ಅವಳ ದನಿ ಒಡೆಯಿತು. "ಬೇಡ ಅಂತ ನೀವೂ ಹೇಳಲಿಲ್ಲ."

"ಯಾವ ಧೈರ್ಯದ ಮೇಲೆ ಹೇಳಲಿ? ನಾಳೆ ಇರ್ತೀನೋ ಇಲ್ವೋ ಗೊತ್ತಿಲ್ಲದೋನು ನಿಮ್ಮತ್ತೆ ಮುಂದೆ ಏನಂತ ಬಂದು ನಿಲ್ಲಲಿ? ಕಾಯಂ ಆದ ಮೇಲೆ ಮಾತಾಡೋಣ ಅಂತ..."

ಅವನು ಸುತ್ತಿಟ್ಟ ಟೇಪನ್ನು ಮತ್ತೆ ಬಿಚ್ಚಿ ಸುತ್ತಿದ.

"ಆ ಜಾಹೀರಾತಿನಲ್ಲಿ..." ಅವಳು ನೆಲ ನೋಡುತ್ತ ಹೇಳಿದಳು, "ನಾನು ಹುದ್ದೆ ಬಗ್ಗೆ ಬರೆದಿರಲಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲದೆ ಹೊರಟುಬಿಟ್ಟಳು.

ಸಂದರ್ಶನದ ದಿನ ಮೊಗಸಾಲೆಯ ಬೆಂಚುಗಳು ತುಂಬಿದ್ದವು. ಇಸ್ತ್ರಿ ಮಾಡಿದ ಅಂಗಿಗಳು, ಹೊಳೆಯುವ ಬೂಟುಗಳು, ಎಲ್ಲರ ಕೈಯಲ್ಲೂ ಅವಳ ವಾರ್ತಾಪತ್ರ. ಅವಳು ನೀರು ಕುಡಿಯುವ ನೆಪದಲ್ಲಿ ಓಡಾಡಿದಳು. ಮತ್ತೆ ಮತ್ತೆ ಓಡಾಡಿದಳು. 'ನನ್ನ ಕೈಯಾರೆ ಅವನ ಕೆಲಸ ಕಳೆದೆನಲ್ಲ...'

ಎಲ್ಲರೂ ಹೋದ ಮೇಲೆ ಮೇಡಂ ಹೊರಗೆ ಬಂದರು.

"ಕೂತ್ಕೊಳೇ, ತಲೆ ತಿರುಗುತ್ತೆ ನಿನ್ನ ನೋಡಿ."

"ಮೇಡಂ..."

"ಹುದ್ದೆ ಸಿಕ್ಕಿದ ದಿನ ಮೊದಲು ಏನು ಮಾಡ್ತೀರಿ ಅಂತ ಎಲ್ಲರನ್ನೂ ಕೇಳಿದ್ವಿ. ಎಲ್ಲರೂ ನಿನ್ನ ಜಾಹೀರಾತನ್ನೇ ನಮಗೆ ಒಪ್ಪಿಸಿದ್ರು. ಕಾರ್ಖಾನೆಗೆಲ್ಲ ದೀಪ ಹಾಕಿಸ್ತೀನಿ ಅಂದ್ರು. ಒಬ್ಬ ಮಾತ್ರ, ಮೊದಲು ಗೇಟಿನ ಹತ್ತಿರ ನಿಂತು ಎಲ್ಲರಿಗೂ ಕೆಲಸ ಸಿಗಲ್ಲ ಅಂತ ಹೇಳ್ತೀನಿ, ಹೇಳಿ ಅಲ್ಲೇ ನಿಂತಿರ್ತೀನಿ ಅಂದ. ಇದನ್ನ ಯಾರಿಂದ ಕಲಿತಿರಿ ಅಂತ ಕೇಳಿದೆ. ಕಿವಿ ಕೆಂಪಗಾಯ್ತು. ಹುದ್ದೆ ಅವನಿಗೇ." ಮೇಡಂ ನಕ್ಕು ಹೆಜ್ಜೆ ಹಾಕಿದರು. "ಇನ್ನು ಮುಂದೆ ಇಂಥ ಜಾಹೀರಾತನ್ನ ನಿದ್ದೆ ಬರೋ ಹಾಗೆ ಬರಿ ತಾಯಿ."

ಅವಳು ತನ್ನ ಕೋಣೆಗೆ ಬಂದಾಗ ಅವನು ಅಲ್ಲೇ ಕಾಯುತ್ತಿದ್ದ. ಮೇಜಿನ ಮೇಲೆ ಎರಡು ಲೋಟ ಚಹಾ. ಈ ಸಲ ಹಬೆಯಾಡುತ್ತಿತ್ತು.

"ಒಂದು ಸುದ್ದಿ ಇದೆ," ಎಂದ.

"ಗೊತ್ತು. ಆದೇಶಕ್ಕೆ ಸಹಿ ಆಗಿದೆಯಾ?"

"ಆ ಸುದ್ದಿಗೆ ಆಯ್ತು. ಇದು ಬೇರೆ." ಅವನು ಲೋಟವನ್ನು ಅವಳ ಕಡೆ ಸರಿಸಿದ. "ಇವತ್ತು ಸಂಜೆ ನಿಮ್ಮತ್ತೆ ಹತ್ತಿರ ಮಾತುಕತೆಗೆ ಬರ್ತಿದೀನಿ."

ಅವಳ ಕೈ ಲೋಟದ ಸುತ್ತ ನಿಂತಿತು. ಎಷ್ಟೋ ದಿನದಿಂದ ಚಡಪಡಿಸುತ್ತಿದ್ದ ಕೈ.

"ಮಾತುಕತೆ ಆದ್ರೆ ಸಾಕಾ? ಸಹಿ ಆಗದೆ ಇರೋ ಸುದ್ದಿ ನಾನು ಹಾಕಲ್ಲ."

"ನನ್ನ ಸಹಿ ಆಗಿದೆ," ಎಂದ ಅವನು ಮೆಲ್ಲಗೆ. "ನಿನ್ನದೊಂದೇ ಬಾಕಿ."

ಅವಳು ತಲೆ ಎತ್ತಿದಳು.

"ಪೆನ್ನು ಕೊಡಿ."