ಮೂರನೇ ಮಹಡಿ ಅಕ್ಕನ ತಕ್ಕಡಿ

ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಾಗ ಮೇಜಿನ ಮೇಲಿನ ಟ್ಯಾಬ್ ಟಿಂಗ್ ಎಂದಿತು. ಅಳಿಲು ಎಂದು ಅಪ್ಪ ಅಡ್ಡಹೆಸರಿಟ್ಟ ಹುಡುಗಿ ಕುಂಟುತ್ತಾ ಹೋಗಿ ನೋಡಿದಳು.

ಅಪ್ಪನ ಬ್ಲಾಗಿನಲ್ಲಿ ಹೊಸ ಬರಹ ಬಂದಿತ್ತು.

ಅಪ್ಪ ತೀರಿಕೊಂಡು ಐದು ದಿನವಾಗಿತ್ತು. ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ನಿನ್ನೆಯೇ ವಿಮಾನ ಹತ್ತಿದ್ದರು. ಇವತ್ತು ಸೋಮವಾರ, ಸ್ಕೂಲ್ ಇತ್ತು. ಅಡುಗೆಮನೆಯಲ್ಲಿ ಅಮ್ಮ ಟಿಫಿನ್ ಬಾಕ್ಸಿನ ಮುಚ್ಚಳ ಹಿಡಿದು ಸುಮ್ಮನೆ ನಿಂತಿದ್ದಳು.

‘ಕಿಟಕಿ ಬೆವರುತ್ತಿದೆಯಾ?’ ಎಂದು ಅಪ್ಪ ಬರೆದಿದ್ದ. ‘ಗಾಬರಿ ಬೇಡ. ಕಿಟಕಿಗೆ ಜ್ವರ ಬಂದಿಲ್ಲ. ಚಳಿ ದೇಶದಲ್ಲಿ ಹೀಗೇ. ದಿನಕ್ಕೆರಡು ಸಲ ಹತ್ತು ನಿಮಿಷ ತೆರೆದಿಡಿ.’ ಕೆಳಗೆ, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಕಿಟಕಿಯ ಚಿತ್ರ. ಅದರಡಿ, ‘ಚಿತ್ರ: ಅಳಿಲು ಸೇವೆ.’ ಬ್ಲಾಗಿನ ಚಿತ್ರಗಳೆಲ್ಲ ಅವಳು ಬರೆದವೇ.

ಇದು ಹೇಗೆ ಬಂತು ಎಂದು ಅಳಿಲಿಗೆ ಗೊತ್ತಿತ್ತು. ಅಪ್ಪ ಯಾವುದೋ ಒಂದು ಭಾನುವಾರ ಕೂತು ನಾಲ್ಕು ಬರಹ ಒಟ್ಟಿಗೆ ಬರೆದು, ಪ್ರತಿ ಸೋಮವಾರ ಏಳು ಗಂಟೆಗೆ ಒಂದೊಂದೇ ಬರುವ ಹಾಗೆ ಮಾಡಿಡುತ್ತಿದ್ದ. ಗೊತ್ತಿದ್ದರೂ ಎರಡೆರಡು ಸಲ ಓದಿದಳು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ಈ ದೇಶಕ್ಕೆ ಬಂದಾಗ ಅವರಿಗೆ ಏನೂ ಗೊತ್ತಿರಲಿಲ್ಲ. ಯಾವ ಕಸ ಯಾವ ಡಬ್ಬಿಗೆ, ಡಾಕ್ಟರಿಗೆ ಫೋನ್ ಮಾಡುವುದು ಹೇಗೆ, ಎಲ್ಲದರಲ್ಲೂ ಎಡವಟ್ಟು. "ನಾವು ಬಿದ್ದ ಗುಂಡಿಗೆ ಇನ್ನೊಬ್ಬರು ಬೀಳೋದು ಬೇಡ" ಎಂದು ಅಪ್ಪ ಬ್ಲಾಗ್ ಶುರು ಮಾಡಿದ. ಹೆಸರು, ‘ಹೊಸದಾಗಿ ಬಂದಿರಾ?’ ಅವರ ಹಾಗೆಯೇ ದೂರದಿಂದ ಬಂದ ಕನ್ನಡದವರು ಅಲ್ಲಿ ಪ್ರಶ್ನೆ ಕೇಳುತ್ತಿದ್ದರು, ಒಬ್ಬರ ವಸ್ತು ಇನ್ನೊಬ್ಬರು ಎರವಲು ಪಡೆಯುತ್ತಿದ್ದರು. ಎಲ್ಲರಿಗೂ ಅಪ್ಪ ‘ಲಿಫ್ಟ್ ಅಣ್ಣ’.

ಟಿಂಗ್. ಯಾರೋ ಹೊಸಬರು ಕೇಳಿದ್ದರು: ‘ಅಣ್ಣ, ಇಷ್ಟು ಚಳೀಲಿ ಕಿಟಕಿ ತೆಗೀಬೇಕಾ?’

ಟ್ಯಾಬಿನಲ್ಲಿ ಅಪ್ಪನ ಖಾತೆಯೇ ತೆರೆದಿತ್ತು. ಅಳಿಲಿನ ಬೆರಳು ತಾನಾಗಿಯೇ ಓಡಿತು. ‘ಊಟ ಆಯ್ತಾ? ತೆಗೀಲೇಬೇಕು. ಕೋಟ್ ಹಾಕ್ಕೊಂಡು ತೆಗೀರಿ.’

‘ಬೆಳಿಗ್ಗೆ ಏಳೂಕಾಲಿಗೆ ಊಟನಾ ಅಣ್ಣ!’

ಅಳಿಲಿಗೆ ನಗು ಬಂತು. ಅಪ್ಪ ಯಾವ ಹೊತ್ತಿನಲ್ಲಾದರೂ ಮೊದಲು ಕೇಳುತ್ತಿದ್ದುದು ಅದನ್ನೇ.

ಸ್ಕೂಲಿನಲ್ಲಿ ಎಲ್ಲರೂ ಅವಳೊಂದಿಗೆ ಮೆಲ್ಲಗೆ ಮಾತಾಡಿದರು, ಅವಳಿಗೇ ಹುಷಾರಿಲ್ಲವೇನೋ ಎನ್ನುವ ಹಾಗೆ. ಬ್ಲಾಗಿನಲ್ಲಿ ಯಾರೂ ಹಾಗೆ ಮಾಡಲಿಲ್ಲ. ಅಲ್ಲಿ ಯಾರಿಗೂ ಸುದ್ದಿ ಗೊತ್ತಿರಲಿಲ್ಲ. ಅಲ್ಲಿ ಅಪ್ಪ ಇನ್ನೂ ಇದ್ದ. ಅವಳು ಹೇಳಿಬಿಟ್ಟರೆ ಅಲ್ಲೂ ಇರುವುದಿಲ್ಲ.

ಅದಕ್ಕೇ ಅವಳು ಮಂಗಳವಾರವೂ ಉತ್ತರ ಬರೆದಳು. ಬುಧವಾರವೂ ಬರೆದಳು.

ಬುಧವಾರ ಸಂಜೆ ‘ಮೂರನೇ ಮಹಡಿ’ ಎಂಬ ಹೆಸರಿನವರು ಬರೆದರು: ‘ಅಣ್ಣ, ಶನಿವಾರ ಊರಿಗೆ ಹೊರಟಿದ್ದೀನಿ, ಎರಡು ವರ್ಷ ಆದ್ಮೇಲೆ. ನನ್ನ ತಕ್ಕಡಿ ನಿಮ್ಮ ಹತ್ರ ಇದೆಯಲ್ಲ, ಬೇಕಿತ್ತು.’

‘ಊಟ ಆಯ್ತಾ? ಶುಕ್ರವಾರ ಸಂಜೆ ನಿಮ್ಮ ಅಂಗಡಿಗೆ ತರ್ತೀನಿ’ ಎಂದು ಬರೆದು ಕಳಿಸಿದ ಮೇಲೆ ಅಳಿಲು ಉಗುರು ಕಚ್ಚಿದಳು. ತರುವುದು ಯಾರು?

ಪೋಸ್ಟಿನಲ್ಲಿ ಕಳಿಸುವ ಹಾಗೂ ಇರಲಿಲ್ಲ. ಎರವಲು ತಂದದ್ದನ್ನು ಕೈಯಿಂದ ಕೈಗೇ ಕೊಡಬೇಕು, ಹತ್ತು ನಿಮಿಷ ಕೂತು ಮಾತಾಡಿ ಬರಬೇಕು. ಅದು ಅಪ್ಪ ಮಾಡಿದ ರೂಲ್ಸ್. ‘ತಕ್ಕಡಿ ಒಂದು ನೆಪ ಕಣ್ರೀ’ ಎಂದು ಬ್ಲಾಗಿನಲ್ಲೇ ಬರೆದಿದ್ದ.

ಶುಕ್ರವಾರ ಸ್ಕೂಲಿಂದ ಬಂದವಳೇ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು. ರಜೆಗೆ ಅಜ್ಜಿಯ ಮನೆಗೆ ಹೋಗಲೆಂದು ಅರ್ಧ ತುಂಬಿಟ್ಟದ್ದು. ತಕ್ಕಡಿ ಪಕ್ಕದ ಜೇಬಿನಲ್ಲಿತ್ತು, ಅಂಗಡಿಯ ವಿಳಾಸದ ಚೀಟಿ ಸಮೇತ. ಅಂಗೈಯಷ್ಟು ದೊಡ್ಡದು. ಒಂದು ಪಟ್ಟಿ, ಒಂದು ಕೊಕ್ಕೆ. ಪೆಟ್ಟಿಗೆಗೆ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುತ್ತದೆ. ವಿಮಾನದವರು ಇಪ್ಪತ್ತಮೂರು ಕಿಲೋ ಮೀರಿದರೆ ಬಿಡುವುದಿಲ್ಲ. ಅಪ್ಪನೂ ಅವಳೂ ಇದರಲ್ಲಿ ಸ್ಕೂಲ್ ಬ್ಯಾಗ್ ತೂಗಿದ್ದರು, ದಿಂಬು ತೂಗಿದ್ದರು.

"ಕೋಟ್ ಹಾಕ್ಕೋ. ಕತ್ತಲಾಗುತ್ತೆ."

ಬಾಗಿಲಲ್ಲಿ ಅಮ್ಮ. ಅವಳು ಆಗಲೇ ಕೋಟ್ ಹಾಕಿಕೊಂಡಿದ್ದಳು.

"ಎಲ್ಲಿಗೆ?" ಎಂದಳು ಅಳಿಲು, ತಕ್ಕಡಿಯನ್ನು ಬೆನ್ನ ಹಿಂದೆ ಹಿಡಿದು.

"ಶುಕ್ರವಾರ ಸಂಜೆ ಅಂತ ಬರೆದಿದ್ದೀಯಲ್ಲ."

ಅಳಿಲಿನ ಕಿವಿ ಬಿಸಿಯಾಯಿತು. "ನೀನೂ ಓದ್ತಿದ್ಯಾ?"

"ಓದ್ತಿದ್ದೆ. ನಿಮ್ಮಪ್ಪ ಯಾವತ್ತು ಎರಡು ನಿಮಿಷದಲ್ಲಿ ಉತ್ತರ ಕೊಟ್ಟಿದ್ದಾರೆ? ಭಾನುವಾರ ಬಿಟ್ರೆ ಆ ಕಡೆ ತಲೆ ಹಾಕ್ತಿರಲಿಲ್ಲ."

"ಮತ್ತೆ ಯಾಕೆ ಬೈಲಿಲ್ಲ?"

ಅಮ್ಮ ಕೋಟಿನ ಗುಂಡಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಓದೋಕೆ ಚೆನ್ನಾಗಿತ್ತು" ಎಂದಳು.

‘ಅಪ್ಪಂಗೆ ಡ್ಯೂಟಿ ಇದೆ, ಅದಕ್ಕೇ ನಾವು ಬಂದ್ವಿ.’ ಬಸ್ಸಿನಲ್ಲಿ ಅಳಿಲು ಮನಸ್ಸಿನಲ್ಲೇ ಬಾಯಿಪಾಠ ಮಾಡಿದಳು.

ಅಂಗಡಿ ಇದ್ದದ್ದು ಹಳೆಯ ಕಟ್ಟಡದಲ್ಲಿ, ಕಿರಿದಾದ ಲಿಫ್ಟ್. ಒಳಗೆ ಒಂದು ಕಾರ್ಡ್ ಅಂಟಿಸಿತ್ತು. ಲಿಫ್ಟ್ ಪರೀಕ್ಷೆ ಮಾಡಿದ ತಾರೀಕು, ಪಕ್ಕದಲ್ಲಿ ಅಪ್ಪನ ಕೋಳಿಕಾಲಿನಂಥ ಸಹಿ. ಅಮ್ಮ ಅದರ ಮೇಲೆ ಬೆರಳಿಟ್ಟಳು. ಮೂರನೇ ಮಹಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಲಿಫ್ಟ್ ಅವರನ್ನು ಮತ್ತೆ ಕೆಳಗೆ ತಂದು ಬಿಟ್ಟಿತು.

"ಅಮ್ಮಾ, ಇಳೀಬೇಕಿತ್ತು."

"ಹೂಂ. ಇನ್ನೊಂದು ಸಲ ಹೋಗೋಣ."

ಮೂರನೇ ಮಹಡಿ ಅಕ್ಕ ಬಟ್ಟೆ ಚಿಕ್ಕದು ದೊಡ್ಡದು ಮಾಡುವ ಟೈಲರ್. ಕೊರಳಲ್ಲಿ ಟೇಪು, ತುಟಿಗಳ ನಡುವೆ ಗುಂಡುಸೂಜಿಗಳು. ಅಂಗಡಿಯ ಮೂಲೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡ ಸೂಟ್‌ಕೇಸ್.

ಸೂಜಿಗಳ ಸಂದಿನಿಂದಲೇ, "ಬನ್ನಿ ಬನ್ನಿ. ಅಣ್ಣ ಎಲ್ಲಿ, ಗಾಡಿ ನಿಲ್ಲಿಸ್ತಿದ್ದಾರಾ?" ಎಂದಳು.

ಅಳಿಲು ಬಾಯಿ ತೆರೆದಳು. ಬಾಯಿಪಾಠ ಬರಲಿಲ್ಲ. ಅಮ್ಮನ ಕಡೆ ನೋಡಿದಳು. ಅಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು, ಅಷ್ಟೇ.

"ಅಪ್ಪ ತೀರಿಕೊಂಡ್ರು. ಹೋದ ವಾರ, ಬುಧವಾರ" ಎಂದಳು ಅಳಿಲು. "ಉತ್ತರ ಬರೆದಿದ್ದೆಲ್ಲ ನಾನು."

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಐದು ಸೂಜಿ. ಆಮೇಲೆ ಕೆಳಗೆ ಬಗ್ಗಿ ಕೇಳಿದಳು, "ಅಳಿಲು ಸೇವೆ ಅಂದ್ರೆ ನೀನೇನಾ?"

ಅಳಿಲು ತಲೆಯಾಡಿಸಿದಳು.

ಅಕ್ಕ ಎರಡು ಸ್ಟೂಲ್ ಎಳೆದಳು. "ಕೂತ್ಕೋ ಪುಟ್ಟ. ಹತ್ತು ನಿಮಿಷದ ರೂಲ್ಸ್ ಇದೆಯಲ್ಲ. ಅತ್ತಿಗೆ, ನೀವೂ."

ಅಮ್ಮ ಆ ಅಕ್ಕನನ್ನು ಎಂದೂ ನೋಡಿರಲಿಲ್ಲ. ಆದರೂ ಅತ್ತಿಗೆ ಎಂದು ಕರೆದದ್ದಕ್ಕೆ ಕೂತಳು.

"ಇಲ್ಲಿಗೆ ಬಂದು ಮೂರು ತಿಂಗಳು ನಾನು ಯಾರ ಹತ್ರನೂ ಕನ್ನಡ ಮಾತಾಡಿರಲಿಲ್ಲ" ಎಂದಳು ಅಕ್ಕ, ಕಣ್ಣೊರೆಸಿಕೊಂಡು. "ಒಂದಿನ ಕೆಟ್ಟು ನಿಂತ ಲಿಫ್ಟ್ ಒಳಗಿಂದ ಯಾರೋ ಕನ್ನಡದಲ್ಲಿ ಬೈತಿದ್ರು. ಕಾಲ ಮೇಲೆ ಸ್ಪ್ಯಾನರ್ ಬಿದ್ದಿತ್ತಂತೆ. ಮಿಷನ್ ಬಿಟ್ಟು ಓಡಿಹೋದೆ."

"ಏನಂತ ಬೈದರು?" ಅಮ್ಮ ಕೇಳಿದಳು. ಈ ಹತ್ತು ದಿನದಲ್ಲಿ ಅಮ್ಮ ಯಾರನ್ನೂ ಏನನ್ನೂ ಕೇಳಿರಲಿಲ್ಲ.

"ಮಗು ಇದೆ. ಆಮೇಲೆ ಹೇಳ್ತೀನಿ ಅತ್ತಿಗೆ."

ಅಮ್ಮನ ತುಟಿಯಂಚು ಒಂಚೂರು ಮೇಲೆದ್ದಿತು.

ಸೂಟ್‌ಕೇಸಿಗೆ ಕೊಕ್ಕೆ ಸಿಕ್ಕಿಸಿದ್ದು ಅಳಿಲು. ಅಮ್ಮನೂ ಅಕ್ಕನೂ ಸೇರಿ ಎತ್ತಿದರು. ಇಪ್ಪತ್ತಮೂರು ಕಿಲೋ, ಮುನ್ನೂರು ಗ್ರಾಂ.

"ಅಯ್ಯೋ, ಮುನ್ನೂರು ಜಾಸ್ತಿ."

"ಶೂ ಒಳಗಿದೆಯಾ?" ಎಂದಳು ಅಳಿಲು. "ಭಾರದ ಶೂ ಪೆಟ್ಟಿಗೆಗಲ್ಲ, ಕಾಲಿಗೆ ಹಾಕಬೇಕು ಅಂತ ಅಪ್ಪ ಹೇಳ್ತಿದ್ರು."

"ಹೌದಲ್ವಾ. ಇದನ್ನ ಅಣ್ಣ ಬರೆದೇ ಇಲ್ಲ."

"ನಾನು ಬರೀತೀನಿ" ಎಂದಳು ಅಳಿಲು. "ಮೊದಲು ಅಪ್ಪನ ವಿಷಯ ಬರೀತೀನಿ. ಆಮೇಲೆ ಶೂದು. ಹೆಸರು ಅಳಿಲು ಅಂತಲೇ ಹಾಕ್ತೀನಿ."

ಅಮ್ಮ ಗಡಿಯಾರ ನೋಡಿದಳು. ಹತ್ತು ನಿಮಿಷ ಯಾವಾಗಲೋ ಕಳೆದಿತ್ತು. ಅವಳು ಏಳಲಿಲ್ಲ.

ಅಳಿಲು ಕೊಕ್ಕೆ ಬಿಡಿಸಿದಳು. ಅಪ್ಪ ಸುತ್ತುತ್ತಿದ್ದ ಹಾಗೆಯೇ ಪಟ್ಟಿಯನ್ನು ಮೂರು ಸುತ್ತು ಸುತ್ತಿ ತುದಿ ಒಳಗೆ ಸಿಕ್ಕಿಸಿದಳು. ಆಮೇಲೆ ತಕ್ಕಡಿಯನ್ನು ಮೇಜಿನ ಮೇಲಿಡದೆ, ಅಕ್ಕನ ಕೈಗೇ ಕೊಟ್ಟಳು.